ಹಿಮದ ಮೇಲಿನ ತಪ್ಪು ಹೆಜ್ಜೆ ಅಳಿಸುವ ಲಾಜರಿನಾ

ಬೆಳಗಿನ ಐದು ಗಂಟೆ. ಮೇ ತಿಂಗಳ ಮೂರನೇ ವಾರ. ಕೆಳಗೆ ನಮ್ಮೂರಿನಲ್ಲಿ ಚೆರ್ರಿ ಮರಗಳು ಹೂವುದುರಿಸಿ ಕಾಯಿ ಕಟ್ಟಿವೆ, ಹೆಂಗಸರು ಚಳಿಗಾಲದ ಕಂಬಳಿಗಳನ್ನು ಒಗೆದು ಬೇಲಿಗೆ ಹರವಿದ್ದಾರೆ. ಪಿರಿನ್ ಬೆಟ್ಟದ ಈ ಎತ್ತರದಲ್ಲಿ ಮಾತ್ರ ಚಳಿಗಾಲ ಹೊರಡುವ ಮನಸ್ಸೇ ಮಾಡಿಲ್ಲ. ಸೊಂಟದೆತ್ತರದ ಹಿಮ ಇನ್ನೂ ಇಳಿಜಾರಿನ ಉದ್ದಕ್ಕೂ ಬಿದ್ದುಕೊಂಡಿದೆ. ರಾತ್ರಿಯ ಚಳಿಗೆ ಅದರ ಮೇಲ್ಪದರ ಗಟ್ಟಿಯಾಗಿ ಕೂತಿದೆ. ಲಾಜರಿನಾ ಶೋಪೊವಾ ಬಲಗಾಲಿನ ಹಿಮ್ಮಡಿ ಎತ್ತಿ ಒಮ್ಮೆ ಕುಟ್ಟುತ್ತಾರೆ. ತಲೆ ವಾಲಿಸಿ ಕೇಳುತ್ತಾರೆ.

"ಕೇಳಿಸ್ತಾ?"

"ಏನು ಚಿಕ್ಕಮ್ಮ?" ನನಗೆ ಕೇಳಿಸುತ್ತಿರುವುದು ನನ್ನದೇ ಏದುಸಿರು.

"ಡಬ್ ಅಂತು. ಡಬ್ ಅಂದ್ರೆ ಕೆಳಗೆ ಟೊಳ್ಳು. ಟಕ್ ಅನ್ನಬೇಕು. ಎಡಕ್ಕೆ ಬಾ, ನಾನು ಕಾಲಿಟ್ಟಲ್ಲೇ ಇಡು. ಪತ್ರಿಕೆಯವರು ಅಂತ ಹಿಮ ಮರ್ಯಾದೆ ಕೊಡಲ್ಲ."

ಎಡಕ್ಕೆ ಸರಿಯುತ್ತೇವೆ. ಟಕ್. ಈಗ ಅವರ ಕೆಲಸ ಶುರು. ಬೂಟಿನ ಮುಂಗಾಲಿನಿಂದ ಒಂದು, ಎರಡು, ಮೂರು ಸಲ ಒದ್ದು, ಪಾದದ ಮುಕ್ಕಾಲು ಭಾಗ ಕೂರುವಷ್ಟು ಗುಳಿ ಮಾಡುತ್ತಾರೆ. ಗುಳಿಯ ತಳ ಸ್ವಲ್ಪ ಒಳಕ್ಕೆ ಬಾಗಿರಬೇಕು, ಹೊರಕ್ಕೆ ಬಾಗಿದರೆ ಹಿಂದೆ ಬರುವವರು ಜಾರುತ್ತಾರೆ. ಮತ್ತೊಂದು ಹೆಜ್ಜೆ, ಮತ್ತೆ ಮೂರು ಒದೆ. ಹದಿನೈದು ಹೆಜ್ಜೆಗೊಮ್ಮೆ ಬೆನ್ನಿನ ಚೀಲದಿಂದ ಕೆಂಪು ಬಟ್ಟೆ ಕಟ್ಟಿದ ಬಿದಿರು ಕಡ್ಡಿಯೊಂದನ್ನು ತೆಗೆದು ಚುಚ್ಚುತ್ತಾರೆ. ಲಾಜರಿನಾ ಅವರ ಎತ್ತರ ಐದಡಿಗೆ ಒಂದಿಂಚು ಕಡಿಮೆ. ಹೆಜ್ಜೆಗಳೂ ಅಷ್ಟೇ ಗಿಡ್ಡ.

"ಉದ್ದ ಕಾಲಿನವನು ಮಾಡಿದ ಹೆಜ್ಜೆ ಅವನೊಬ್ಬನಿಗೇ ಸರಿ. ನನ್ನ ಹೆಜ್ಜೇಲಿ ಅಜ್ಜಿನೂ ಹತ್ತಬಹುದು, ನಿನ್ನಂಥ ಹೊಟ್ಟೆಯವನೂ ಹತ್ತಬಹುದು" ಎನ್ನುತ್ತಾರೆ, ಹಿಂದಿರುಗಿಯೂ ನೋಡದೆ.

ಚಾರಣಿಗರ ತಂಗುಮನೆಯಿಂದ ಪೋರ್ತಾ ಎಂದು ನಾವೆಲ್ಲ ಕರೆಯುವ ಘಟ್ಟದ ಬಾಯಿಯವರೆಗೆ ಹಿಮದ ಮೇಲೆ ಇಂಥ ಸಾವಿರದ ನೂರು ಹೆಜ್ಜೆಗಳು ಬೇಕು. ಮಧ್ಯಾಹ್ನದ ಬಿಸಿಲಿಗೆ ಹಿಮ ಗಂಜಿಯಂತಾಗುತ್ತದೆ, ನೂರಾರು ಬೂಟುಗಳು ತುಳಿದು ಹೆಜ್ಜೆಗಳೆಲ್ಲ ಕಲಸಿಹೋಗುತ್ತವೆ. ಮರುದಿನ ಬೆಳಿಗ್ಗೆ ಮತ್ತೆ ಸಾವಿರದ ನೂರು. ಏಪ್ರಿಲ್ ನಡುವಿನಿಂದ ಜೂನ್ ಕೊನೆಯವರೆಗೆ, ಭಾನುವಾರವೆಂದಿಲ್ಲ, ಸಂತ ಜಾರ್ಜನ ಹಬ್ಬವೆಂದಿಲ್ಲ. ಲಾಜರಿನಾ ಅವರಿಗೆ ಈಗ ಐವತ್ತೆಂಟು.

ಇದು ಅವರ ಕೆಲಸದ ಅರ್ಧ ಭಾಗ. ಇನ್ನರ್ಧವನ್ನು ನಾನು ಕಣ್ಣಾರೆ ನೋಡುವವರೆಗೆ ನಂಬಿರಲಿಲ್ಲ.

ಆರು ಗಂಟೆಯ ಹೊತ್ತಿಗೆ ಒಂದು ದೊಡ್ಡ ಬಂಡೆಯ ಬಳಿ ಬರುತ್ತೇವೆ. ಅಲ್ಲಿಂದ ನಿನ್ನೆ ಸಂಜೆ ಯಾರೋ ನಡೆದ ಗುರುತು ನೇರ ಮುಂದಕ್ಕೆ ಹೋಗಿದೆ. ಚಂದದ ಗುರುತು, ಆಳವಾದ ಬೂಟಿನ ಅಚ್ಚು, ಅಡ್ಡಾದಿಡ್ಡಿಯಿಲ್ಲ. ನಾನಾಗಿದ್ದರೆ ಕಣ್ಣುಮುಚ್ಚಿ ಅದನ್ನೇ ಹಿಡಿಯುತ್ತಿದ್ದೆ. ಬೇಸಿಗೆಯ ಕಾಲುದಾರಿಯೂ ಅಲ್ಲೇ ಇರುವುದು, ಫೋನಿನ ನಕ್ಷೆ ತೋರಿಸುವುದೂ ಅದನ್ನೇ. ಆದರೆ ಆ ದಾರಿ ಒಂದು ಕೊರಕಲನ್ನು ದಾಟುತ್ತದೆ. ಕೊರಕಲಿನ ತಳದಲ್ಲಿ ತೊರೆಯಿದೆ. ಮೇ ತಿಂಗಳಲ್ಲಿ ಆ ತೊರೆ ಹಿಮವನ್ನು ಕೆಳಗಿನಿಂದ ತಿನ್ನುತ್ತ ಹೋಗುತ್ತದೆ. ಮೇಲೆ ನೋಡಿದರೆ ಬಿಳಿ ಬಯಲು, ಒಳಗೆ ಬರೀ ಚಾವಣಿ. ಹಾಗಾಗಿ ಲಾಜರಿನಾ ಬಂಡೆಯಿಂದ ಬಲಕ್ಕೆ, ಕಲ್ಲಿನ ದಿಣ್ಣೆಯ ಮೇಲೆ ಹೆಜ್ಜೆ ಹಾಕುತ್ತಾರೆ. ಇಪ್ಪತ್ತು ನಿಮಿಷದ ಸುತ್ತು, ಅಷ್ಟೇ.

ಬೆನ್ನಿಗೆ ಕಟ್ಟಿದ್ದ ಸಲಿಕೆ ಬಿಚ್ಚುತ್ತಾರೆ. ತಪ್ಪು ಹೆಜ್ಜೆಗಳನ್ನು ಒಂದೊಂದಾಗಿ ಅಂಚು ಮುರಿದು, ಹಿಮ ತುಂಬಿ, ಸಲಿಕೆಯ ಬೆನ್ನಿನಿಂದ ತಟ್ಟಿ ಸಮ ಮಾಡುತ್ತಾರೆ. ಮಗುವಿನ ಬೆನ್ನು ತಟ್ಟಿದ ಹಾಗೆ ಮೃದುವಾಗಿ. ಕೊರಕಲಿನ ಅಂಚು ಹತ್ತಿರವಾದಾಗ ನನ್ನನ್ನು ಬಂಡೆಗೆ ಹಗ್ಗದಿಂದ ಕಟ್ಟಿ ಹಾಕಿ, ಆ ಹಗ್ಗದ ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಬಿಗಿದುಕೊಂಡು, ಹೊಟ್ಟೆಯ ಮೇಲೆ ಮಲಗಿ ತೆವಳುತ್ತ ಹೋಗಿ ಕೊನೆಯ ನಾಲ್ಕು ಹೆಜ್ಜೆಗಳನ್ನೂ ಅಳಿಸುತ್ತಾರೆ. ಅರವತ್ತೆರಡು ಹೆಜ್ಜೆ, ಮುಕ್ಕಾಲು ಗಂಟೆ.

"ಅಲ್ಲಾ ಚಿಕ್ಕಮ್ಮ, ಕಡ್ಡಿ ಅಡ್ಡ ಇಟ್ಟು ಒಂದು ಬೋರ್ಡು ಹಾಕಿದ್ರೆ ಸಾಲದಾ?"

"ಹಾಕಿದ್ದೆ. ಬೋರ್ಡಿನ ಪಕ್ಕ ನಿಂತು ಫೋಟೊ ತೆಗೆಸ್ಕೊಂಡು ಅದೇ ದಾರೀಲಿ ಹೋದ್ರು." ಎದ್ದು ಎದೆಗೆ ಮೆತ್ತಿದ ಹಿಮ ಕೊಡವುತ್ತಾರೆ. "ಮನುಷ್ಯ ಬೋರ್ಡು ನಂಬಲ್ಲಪ್ಪ. ಇನ್ನೊಬ್ಬ ಮನುಷ್ಯನ ಹೆಜ್ಜೆ ನಂಬ್ತಾನೆ. ಹೆಜ್ಜೆ ಇದ್ರೆ ಸಾಕು, ಹಿಂದೆ ಹೋಗ್ತಾನೆ. ಅದು ಎಲ್ಲಿಗೆ ಹೋಯ್ತು, ವಾಪಸ್ಸು ಬಂತಾ, ಏನೂ ಕೇಳಲ್ಲ."

ಪುರಸಭೆಯ ಕಡತದಲ್ಲಿ ಈ ಕೆಲಸಕ್ಕೆ ಹೆಸರಿಲ್ಲ. ಬೆಟ್ಟದ ಬುಡದಲ್ಲಿ 'ವರ್ಷವಿಡೀ ತೆರೆದ ಸ್ವರ್ಗ' ಎಂದು ಎಂಟು ಮೀಟರ್ ಉದ್ದದ ಫಲಕ ನಿಲ್ಲಿಸಲು ಹುದ್ದೆಗಳಿವೆ, ಅದರ ಮುಂದೆ ರಿಬ್ಬನ್ ಕತ್ತರಿಸಲು ಸಮಿತಿಯಿದೆ, ಪ್ರವಾಸ ಪ್ರಚಾರಕ್ಕೆ ಮೂವರು ಅಧಿಕಾರಿಗಳಿದ್ದಾರೆ. ಹಿಮದಲ್ಲಿ ಜನ ಸಾಯದಂತೆ ನೋಡಿಕೊಳ್ಳುವ ಹೆಂಗಸು ಮಾತ್ರ ಕಾಗದದ ಮೇಲೆ 'ಹಂಗಾಮಿ ಸ್ವಚ್ಛತಾ ಸಹಾಯಕಿ'. ಅಂದರೆ ಚಾರಣಿಗರು ಎಸೆದ ಬಾಟಲಿ, ಕಾಗದ ಹೆಕ್ಕುವವರು. ಅದನ್ನೂ ಹೆಕ್ಕುತ್ತಾರೆ, ಅವರ ಚೀಲದಲ್ಲಿ ಬಿದಿರು ಕಡ್ಡಿ ಖಾಲಿಯಾದ ಜಾಗವನ್ನು ಹಿಂದಿರುಗುವಾಗ ಕಸ ತುಂಬುತ್ತದೆ. ಕಳೆದ ಹನ್ನೆರಡು ವರ್ಷಗಳಲ್ಲಿ ಪುರಸಭೆ ಅವರಿಗೆ ಕೊಟ್ಟದ್ದು ಕೈಚೀಲ, ಹಳದಿ ಅಂಗಿ ಮತ್ತು ಉದ್ದ ಹಿಡಿಯ ಪೊರಕೆ. ಪೊರಕೆ ತಂಗುಮನೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಬಿದ್ದಿದೆ. ಸಲಿಕೆ, ಹಗ್ಗ, ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳು, ಎಂಬತ್ತನಾಲ್ಕು ಬಿದಿರು ಕಡ್ಡಿ, ಎಲ್ಲವೂ ಅವರ ಸ್ವಂತದ್ದು. ಕಡ್ಡಿಗಳಿಗೆ ಕಟ್ಟಿದ ಕೆಂಪು ಬಟ್ಟೆ ಅವರ ಹಳೆಯ ಲಂಗದ್ದು. ವಾರಕ್ಕೆ ಹತ್ತು ಹನ್ನೆರಡು ಕಡ್ಡಿ ಮಾಯ. ಊರುಗೋಲು ಮಾಡಿಕೊಂಡು ಹೋಗುತ್ತಾರಂತೆ.

ಈಗ ಕಳೆದ ವರ್ಷದ ಮಾತು ಹೇಳಬೇಕು.

ಮೇ ಇಪ್ಪತ್ತನಾಲ್ಕು ನಮ್ಮಲ್ಲಿ ಅಕ್ಷರದ ಹಬ್ಬ. ಶಾಲೆ, ಕಚೇರಿ ಎಲ್ಲಕ್ಕೂ ರಜೆ. ಆ ರಜೆಯ ಹಿಂದಿನ ದಿನ, ಶುಕ್ರವಾರ, ರಾಜಧಾನಿಯಿಂದ ಕಾಲೊಯಾನ್ ಎಂಬ ಮಾರ್ಗದರ್ಶಿ ನಲವತ್ತು ಜನರ ತಂಡ ಕಟ್ಟಿಕೊಂಡು ಬಂದ. ಫೋನಿನಲ್ಲಿ ಅವನ ಬೆಟ್ಟದ ವಿಡಿಯೊಗಳನ್ನು ನೋಡುವವರ ಸಂಖ್ಯೆ ದೊಡ್ಡದು. ಬಂಡೆಯ ಬಳಿ ಬಂದವನೇ ನೇರ ಕೊರಕಲಿನ ಕಡೆ ತಿರುಗಿದ. ಲಾಜರಿನಾ ಅಲ್ಲೇ ಇದ್ದರು. ಹೋಗಿ ಅವನ ಮುಂದೆ, ಹಿಮದ ಮೇಲೆ, ಕಾಲು ಚಾಚಿ ಕೂತುಬಿಟ್ಟರು.

"ದಾರಿ ಬಿಡಮ್ಮ."

"ದಾರಿ ಇಲ್ಲಿಲ್ಲ. ಬಲಕ್ಕಿದೆ. ಕಡ್ಡಿ ಕಾಣಿಸಲ್ವಾ?"

"ನನ್ನ ಫೋನಿನಲ್ಲಿ ದಾರಿ ಇಲ್ಲೇ ಇದೆ."

"ನಿನ್ನ ಫೋನು ಎಷ್ಟು ತೂಕ ಮಗನೇ? ಅದು ಬೇಕಾದ್ರೆ ದಾಟುತ್ತೆ. ನೀನು ದಾಟಲ್ಲ."

ಹಿಂದೆ ಇದ್ದವರಲ್ಲಿ ಕೆಲವರು ನಕ್ಕರು. ಅಲ್ಲಿಗೆ ಕೆಟ್ಟಿತು. ನಲವತ್ತು ಜನರ ಮುಂದೆ ನಗೆಪಾಟಲಾದ ಗಂಡಸು ತಕ್ಷಣ ಗುರುತಿನ ಚೀಟಿ ಕೇಳಿದ. ಇವರು ಕೊಟ್ಟರು. ಅವನು ಅದನ್ನು ಎಲ್ಲರಿಗೂ ಕೇಳುವಂತೆ ಓದಿದ.

"ಸ್ವಚ್ಛತಾ ಸಹಾಯಕಿ! ಕೇಳಿದ್ರಾ? ಕಸ ಗುಡಿಸೋಳು ನನಗೆ ಬೆಟ್ಟ ಕಲಿಸ್ತಾಳೆ."

ಲಾಜರಿನಾ ಏಳಲಿಲ್ಲ. ಇಪ್ಪತ್ತೈದು ನಿಮಿಷ ಹಿಮದ ಮೇಲೆ ಕೂತೇ ಇದ್ದರು. ತಂಡ ಗೊಣಗುತ್ತ ಬಲಕ್ಕೆ ಸುತ್ತಿ, ಅವರದೇ ಹೆಜ್ಜೆಗಳಲ್ಲಿ ಕಾಲಿಟ್ಟು, ಘಟ್ಟ ದಾಟಿ ಆ ಕಡೆಯ ತಂಗುಮನೆಗೆ ಹೋಯಿತು. ಯಾರೂ ಜಾರಲಿಲ್ಲ. ಸಂಜೆಯೊಳಗೆ 'ಬೆಟ್ಟಕ್ಕೆ ಅಡ್ಡ ಕೂತ ಹುಚ್ಚು ಮುದುಕಿ' ಎಂಬ ವಿಡಿಯೊ ಊರೂರು ಸುತ್ತಿತ್ತು. ಶನಿವಾರ, ಹಬ್ಬದ ದಿನವೇ, ಪುರಸಭೆಯಿಂದ ಫೋನು ಬಂತು. ಕಚೇರಿಗಳಿಗೆಲ್ಲ ರಜೆಯಿದ್ದ ದಿನ ಈ ಒಂದು ಫೋನು ಮಾಡಲು ಮಾತ್ರ ಯಾರಿಗೋ ಪುರುಸೊತ್ತಿತ್ತು. ನಾಳೆಯಿಂದ ಮುಂದಿನ ಆದೇಶದವರೆಗೆ ಹಿಮದ ಮೇಲೆ ಕಾಲಿಡಕೂಡದು, ಸೋಮವಾರ ಕಚೇರಿಗೆ ಬರಬೇಕು.

ಭಾನುವಾರ ಬೆಳಿಗ್ಗೆ ಲಾಜರಿನಾ ತಂಗುಮನೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದರು. ತಂಗುಮನೆ ನಡೆಸುವ ಅಸೆನ್ ಅಂದಿನ ಮಾತು ನೆನೆಯುತ್ತಾರೆ: "ಒಂದು ಆಲೂಗಡ್ಡೆ ಸುಲಿದು ಕಿಟಕಿ ನೋಡೋದು. ಇನ್ನೊಂದು ಸುಲಿದು ಕಿಟಕಿ ನೋಡೋದು. ಸಿಪ್ಪೆ ಜೊತೆ ಅರ್ಧ ಆಲೂಗಡ್ಡೆನೂ ಹೋಗ್ತಿತ್ತು."

ಆ ಬೆಳಿಗ್ಗೆ ಯಾರೂ ಹೆಜ್ಜೆ ಹಾಕಲಿಲ್ಲ, ಯಾರೂ ಅಳಿಸಲಿಲ್ಲ. ಮೇಲಿನಿಂದ ಇಳಿದ ಒಂದಿಬ್ಬರು ಕೊರಕಲನ್ನು ಗಟ್ಟಿ ಹಿಮದಲ್ಲಿ ದಾಟಿದ್ದರು. ಅವರ ಅದೃಷ್ಟ, ದಾಟಿಬಿಟ್ಟರು. ಗುರುತು ಉಳಿಯಿತು. ಮಧ್ಯಾಹ್ನ ಹನ್ನೆರಡೂವರೆಗೆ, ಸುಡುಬಿಸಿಲಿನಲ್ಲಿ, ಕಾಲೊಯಾನನ ತಂಡ ವಾಪಸಾಗುತ್ತ ಅದೇ ಗುರುತು ಹಿಡಿಯಿತು. ಮೊದಲು ಅವನು ದಾಟಿದ. ಇನ್ನಿಬ್ಬರು ದಾಟಿದರು. ನಾಲ್ಕನೆಯವರು ಪ್ಲೆವೆನ್ ಊರಿನ ಪ್ರಾಥಮಿಕ ಶಾಲೆಯ ಶಿಕ್ಷಕಿ ಇಸ್ಕ್ರಾ. ಅಕ್ಷರದ ಹಬ್ಬಕ್ಕೆಂದು ಮಕ್ಕಳು ಮುಂಚೆಯೇ ಕೊಟ್ಟಿದ್ದ ಹೂವಿನ ಕಿರೀಟವನ್ನು ಟೋಪಿಯ ಮೇಲೆ ಹಾಕಿಕೊಂಡೇ ಇದ್ದರಂತೆ. ಕಾಲ ಕೆಳಗಿನ ಹಿಮ ಒಂದೇ ಸದ್ದಿಗೆ ಒಳಗೆ ಹೋಯಿತು.

ತಂಡದವನೊಬ್ಬ ಕೂಗುತ್ತ ತಂಗುಮನೆಗೆ ಓಡಿ ಬಂದ. ಲಾಜರಿನಾ ಅವರಿಗೆ ಆಗ ಯಾವ ಆದೇಶವೂ ನೆನಪಿಗೆ ಬರಲಿಲ್ಲ. ಅಸೆನ್ ಹಗ್ಗ ತೆಗೆದುಕೊಂಡರು, ಇವರು ಸಲಿಕೆ. ಇಪ್ಪತ್ತೈದು ನಿಮಿಷದ ಏರು. ಮೂರು ಮೀಟರ್ ಆಳದ ಗುಂಡಿ, ಒಳಗೆ ತೊರೆಯ ಅಬ್ಬರ. ಇಸ್ಕ್ರಾ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದರು. ಎಡಗಾಲು ಎರಡು ಕಲ್ಲುಗಳ ನಡುವೆ ಸಿಕ್ಕಿ ಮುರಿದಿತ್ತು. ಎರಡು ಅಡಿ ಆಚೆ ನೀರು ಹಿಮದ ಕೆಳಗೆ ನುಗ್ಗಿ ಕಾಣೆಯಾಗುತ್ತಿತ್ತು. ಕಾಲು ಸಿಕ್ಕಿಕೊಂಡದ್ದೇ ಅವರನ್ನು ಅಲ್ಲಿ ಹಿಡಿದಿಟ್ಟಿತ್ತು.

"ಅಸೆನ್ ತೊಂಬತ್ತೈದು ಕಿಲೊ. ನಾನು ನಲವತ್ತೊಂಬತ್ತು. ಯಾರು ಇಳೀಬೇಕು ಅಂತ ಯೋಚನೆ ಮಾಡೋಕೆ ಏನಿತ್ತು?" ಎನ್ನುತ್ತಾರೆ ಲಾಜರಿನಾ.

ಅವರು ಆ ನೀರಿನಲ್ಲಿ ಇಪ್ಪತ್ತು ನಿಮಿಷ ಇದ್ದರು. ಸಲಿಕೆಯ ಹಿಡಿಯನ್ನು ಮೀಟುಗೋಲು ಮಾಡಿ ಕಲ್ಲು ಸರಿಸಿ, ಕಾಲು ಬಿಡಿಸಿ, ತಮ್ಮ ಸೊಂಟದ ಹಗ್ಗ ಬಿಚ್ಚಿ ಶಿಕ್ಷಕಿಗೆ ಕಟ್ಟಿದರು. ಮೇಲಿದ್ದ ಅಸೆನ್ ಮತ್ತು ತಂಡದವರು ಮೊದಲು ಶಿಕ್ಷಕಿಯನ್ನು ಮೇಲೆಳೆದರು. ಆ ಹೊತ್ತಿನಲ್ಲಿ ಲಾಜರಿನಾ ಹಗ್ಗವಿಲ್ಲದೆ, ಹಿಮದ ಗೋಡೆಗೆ ಬೆರಳು ಚುಚ್ಚಿಕೊಂಡು ನಿಂತಿದ್ದರು.

ಇಸ್ಕ್ರಾ ಅವರ ಜೊತೆ ನಾನು ಫೋನಿನಲ್ಲಿ ಮಾತಾಡಿದೆ. "ಆಕೆ ಇಳಿದು ಬಂದವರೇ ಮೊದಲು ನನ್ನ ಬೂಟು ನೋಡಿ ಬೈದ್ರು. 'ಇದನ್ನ ಹಾಕ್ಕೊಂಡು ಯಾರಾದ್ರೂ ಬೆಟ್ಟಕ್ಕೆ ಬರ್ತಾರಾ? ನಿಮ್ಮ ಶಾಲೆ ಮಕ್ಕಳಿಗೂ ಇದೇ ಕಲಿಸ್ತೀರಾ?' ಅಂತ. ಅಲ್ಲೀವರೆಗೂ ನಾನು ಸಾಯ್ತೀನಿ ಅಂದ್ಕೊಂಡಿದ್ದೆ. ಬೈಗುಳ ಕೇಳಿ ಬದುಕ್ತೀನಿ ಅನ್ನಿಸ್ತು. ಸಾಯೋರಿಗೆ ಯಾರೂ ಬೂಟಿನ ವಿಷಯಕ್ಕೆ ಬೈಯಲ್ಲ."

ರಕ್ಷಣಾ ದಳದವರು ಎರಡು ಗಂಟೆಯೊಳಗೆ ಬಂದು ಗಾಯಾಳುವನ್ನು ಜೋಪಾನವಾಗಿ ಕೆಳಗಿಳಿಸಿದರು. ಅವರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಸೋಮವಾರದ ಬಗ್ಗೆ.

ಸೋಮವಾರ ಬೆಳಿಗ್ಗೆ ಪುರಸಭೆಯ ಹೇಳಿಕೆ ಹೊರಬಿತ್ತು: 'ಪುರಸಭೆಯ ನಿರಂತರ ನಿಗಾ ಹಾಗೂ ಅನುಭವಿ ಮಾರ್ಗದರ್ಶಿಯ ಸಮಯಪ್ರಜ್ಞೆಯಿಂದ ಪ್ರವಾಸಿಯ ಪ್ರಾಣ ಉಳಿದಿದೆ.' ಜೊತೆಗೆ ಕಾಲೊಯಾನ್ ಉಪ ಮೇಯರರ ಕೈ ಕುಲುಕುವ ಫೋಟೊ. ಅದೇ ಬೆಳಿಗ್ಗೆ, ಅದೇ ಕಟ್ಟಡದ ಕೆಳಮಹಡಿಯಲ್ಲಿ, ಕೆಮ್ಮುತ್ತ ಕೂತಿದ್ದ ಲಾಜರಿನಾ ಅವರ ಕೈಗೆ ಇನ್ನೊಂದು ಕಾಗದ ಕೊಡಲಾಯಿತು. 'ಪ್ರವಾಸಿಗರೊಂದಿಗೆ ಅಸಭ್ಯ ವರ್ತನೆ ಹಾಗೂ ಕರ್ತವ್ಯದ ವ್ಯಾಪ್ತಿ ಮೀರಿದ ನಡೆಗಾಗಿ ಲಿಖಿತ ಎಚ್ಚರಿಕೆ.' ನಿಮ್ಮ ಕೆಲಸ ಕಸ ತೆಗೆಯುವುದು, ಕಾಲುದಾರಿ ತಿದ್ದುವುದಲ್ಲ ಎಂದು ಗುಮಾಸ್ತೆ ಬಾಯಲ್ಲೂ ಹೇಳಿದರಂತೆ.

"ನೀವೇನಂದ್ರಿ?" ಎಂದು ಕೇಳುತ್ತೇನೆ.

"ಹಾಗಾದ್ರೆ ಆ ಹೆಜ್ಜೆಗಳನ್ನ ಕಸ ಅಂತಲೇ ತೆಗೀತಿದ್ದೀನಿ, ಹಂಗೇ ಬರ್ಕೊಳ್ಳಿ ಅಂದೆ. ಬರ್ಕೊಳ್ಳಲಿಲ್ಲ."

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಪುರಸಭೆಯ ಆ ಹೇಳಿಕೆಯನ್ನು ಒಂದಕ್ಷರ ತಿದ್ದದೆ, ಒಬ್ಬರನ್ನೂ ವಿಚಾರಿಸದೆ ಅಚ್ಚು ಹಾಕಿದ ಪತ್ರಿಕೆ ನಮ್ಮದು. ಮೇಜಿನ ಮುಂದೆ ಕಾಫಿ ಕುಡಿಯುತ್ತ ಅದಕ್ಕೆ ತಲೆಬರಹ ಕೊಟ್ಟವನು ನಾನು. ಹತ್ತು ತಿಂಗಳ ನಂತರ ಇಸ್ಕ್ರಾ ಪತ್ರಿಕೆಗೆ ಬರೆದ ಪತ್ರ ನನ್ನ ಕೈ ಸೇರದಿದ್ದರೆ ನನಗೆ ಈ ಬೆಟ್ಟ ಹತ್ತುವ ಪ್ರಮೇಯವೇ ಬರುತ್ತಿರಲಿಲ್ಲ. ಪುರಸಭೆಗೂ ಆಕೆ ಬರೆದಿದ್ದರು, ಎರಡು ಸಲ. ನನ್ನನ್ನು ಉಳಿಸಿದವರ ಮೇಲಿನ ಎಚ್ಚರಿಕೆಯನ್ನು ಹಿಂಪಡೆಯಿರಿ ಎಂದು. ಎರಡನೇ ಪತ್ರಕ್ಕೆ ಉತ್ತರ ಬಂತು: 'ತಾವು ಹೇಳಿದ ಹೆಸರಿನ ರಕ್ಷಣಾ ಸಿಬ್ಬಂದಿ ನಮ್ಮಲ್ಲಿಲ್ಲ.'

ಬೆಳಗಿನ ಹೆಜ್ಜೆ ಕೆಲಸ ಮುಗಿದು, ಘಟ್ಟದ ಬಾಯಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂರುತ್ತೇವೆ. ಚೀಲದಿಂದ ಬ್ರೆಡ್ಡು, ಉಪ್ಪುನೀರಿನ ಬಿಳಿ ಚೀಸು, ಎಳೆ ಈರುಳ್ಳಿ ಹೊರಬರುತ್ತವೆ. ಈರುಳ್ಳಿಯನ್ನು ಮಸಾಲೆ ಉಪ್ಪಿನಲ್ಲಿ ಅದ್ದಿ ನನಗೆ ಕೊಡುತ್ತಾರೆ. ಇಷ್ಟೆಲ್ಲ ಆದ ಮೇಲೂ ಯಾಕೆ ಬರುತ್ತೀರಿ ಎಂದು ಕೇಳುತ್ತೇನೆ.

"ಇದನ್ನ ಬರೀತೀಯಾ?"

"ನೀವು ಬೇಡ ಅಂದ್ರೆ ಬರೆಯಲ್ಲ."

"ಬರಿ. ಇಷ್ಟು ವರ್ಷ ಆಯ್ತಲ್ಲ."

ತೊಂಬತ್ತೊಂದನೇ ಇಸವಿಯ ಮೇ. ಇಪ್ಪತ್ತಮೂರರ ಹುಡುಗಿ ಲಾಜರಿನಾ ಆಗ ತಂಗುಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಉಪ್ಪು ಮುಗಿದಿತ್ತು. ಕೆಳಗೆ ಊರಿನ ಅಂಗಡಿಗಳೆಲ್ಲ ಖಾಲಿಯಿದ್ದ ಕಾಲ ಅದು. ಘಟ್ಟದಾಚೆಯ ತಂಗುಮನೆಯಲ್ಲಿ ಎರಡು ಕಿಲೊ ಸಿಗುತ್ತದೆ ಎಂದು ಸುದ್ದಿ ಬಂತು. ಹೋಗಿ ತಂದಳು. ವಾಪಸು ಬರುವಾಗ ತಡವಾಗಿತ್ತು, ಸಾರು ಒಲೆಯ ಮೇಲಿತ್ತು, ದಿಣ್ಣೆ ಸುತ್ತಲು ಬೇಸರ. ಕೊರಕಲನ್ನು ಅಡ್ಡ ದಾಟಿದಳು. ನಲವತ್ತನಾಲ್ಕು ಕಿಲೊ ತೂಕದ ಹುಡುಗಿ. ಹಿಮ ತಡೆಯಿತು.

"ಮಾರನೇ ದಿನ ರೂಸೆ ಊರಿಂದ ಇಬ್ಬರು ಕಾಲೇಜು ಹುಡುಗ್ರು ಬಂದ್ರು. ಒಬ್ಬನ ಹೆಸರು ಸ್ಪಾಸ್. ನಾನೇ ಬೆಳಿಗ್ಗೆ ಅವನಿಗೆ ಮೊಟ್ಟೆ ಹುರಿದುಕೊಟ್ಟಿದ್ದು. ಉಪ್ಪು ಜಾಸ್ತಿ ಆಯ್ತು ಅಂತ ತಮಾಷೆ ಮಾಡಿದ್ದ. ಎತ್ತರದ ಹುಡುಗ. ನನ್ನ ಹೆಜ್ಜೆ ಹಿಡಿದು ಹೋದ."

ಸ್ಪಾಸ್ ಸಿಕ್ಕಿದ್ದು ಹನ್ನೊಂದು ದಿನದ ಮೇಲೆ, ಹಿಮ ಕರಗಿ ತೊರೆ ಬಾಯಿಬಿಟ್ಟಾಗ. ವಿಚಾರಣೆಯ ವರದಿ 'ಅನನುಭವಿ ಚಾರಣಿಗ' ಎಂದು ಬರೆದು ಮುಗಿಸಿತು. ಯಾರೂ ಅವಳನ್ನು ಕೇಳಲಿಲ್ಲ.

"ಆಗಿನ ತಂಗುಮನೆ ಯಜಮಾನ ಮೆತೋದಿ ಅಂತ, ಮುದುಕ. ಹುಡುಗ ಬಿದ್ದ ದಿನವೇ ಹೋಗಿ ಗುಂಡಿ ಅಂಚಿನ ತನಕ ಹೆಜ್ಜೆ ನೋಡಿದ. ಚಿಕ್ಕ ಹೆಜ್ಜೆ, ಹಿಮ್ಮಡಿ ಹತ್ರ ಮೊಳೆ ಎದ್ದಿದ್ದ ಬೂಟು. ಆಮೇಲೆ ಅಡುಗೆಮನೆಗೆ ಬಂದು ನನ್ನ ಕಾಲು ನೋಡಿದ. ಒಂದು ಮಾತು ಬೈಯಲಿಲ್ಲ. ಗೋಡೆಗೆ ಒರಗಿಸಿದ್ದ ಸಲಿಕೆ ತಂದು ನನ್ನ ಕೈಗೆ ಕೊಟ್ಟ. ಬೈದಿದ್ರೆ ಒಂದು ವಾರ ಅತ್ತು ಮರೀತಿದ್ದೆನೋ ಏನೋ."

ಅಂದಿನಿಂದ ಮೂವತ್ತೈದು ವಸಂತ. ಅಡುಗೆ ಕೆಲಸದಲ್ಲಿದ್ದಾಗ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಹೋಗಿ ಬರುತ್ತಿದ್ದರು. ಮದುವೆಯಾದ ವರ್ಷವೂ ಬಂದರು. ಗಂಡ ಮರಗೆಲಸದ ಯಾಂಕೊ, ಹಿಮ ಕರಗಿದ ಮೇಲೆ ಮದುವೆಯಾಗೋಣ ಎಂದು ಜುಲೈವರೆಗೆ ಕಾದರಂತೆ. ಯಾಂಕೊ ಇಂದಿಗೂ ಪ್ರತಿ ಚಳಿಗಾಲ ಬಿದಿರು ಕಡ್ಡಿ ಸೀಳಿ, ನಯ ಮಾಡಿ, ಕಟ್ಟು ಕಟ್ಟಿ ಇಡುತ್ತಾರೆ. ಕೆಲಸ ಕೊಡಿ ಎಂದು ಲಾಜರಿನಾ ಪುರಸಭೆಯನ್ನು ಕೇಳಿದ್ದು ಹನ್ನೆರಡು ವರ್ಷದ ಹಿಂದೆ, ಮೊಣಕಾಲು ನೋಯತೊಡಗಿ ಎರಡೆರಡು ಕೆಲಸ ಸಾಗದಾದಾಗ. ಸಿಕ್ಕಿದ್ದು ಪೊರಕೆ.

ಕೆಳಗಿಳಿದ ಮರುದಿನ ನಾನು ಪುರಸಭೆಗೆ ಹೋದೆ. ಪ್ರವಾಸ ವಿಭಾಗದ ಅಧಿಕಾರಿ ಸಭ್ಯರು, ಕುರ್ಚಿ ಕೊಟ್ಟರು, ಕಾಫಿಯನ್ನೂ ತರಿಸಿದರು. ಎಚ್ಚರಿಕೆ ಪತ್ರ ಯಾಕೆ ಹಿಂಪಡೆದಿಲ್ಲ ಎಂದೆ.

"ನೋಡಿ, ನಿಯಮದಲ್ಲಿ 'ಹೆಜ್ಜೆ' ಅನ್ನೋ ಪದವೇ ಇಲ್ಲ. ಇಲ್ಲದ ಕೆಲಸವನ್ನ ಆಕೆ ಚೆನ್ನಾಗಿ ಮಾಡಿದ್ರು ಅಂತ ನಾವು ಹೇಗೆ ಬರೆಯೋದು?"

"ಹಾಗಾದ್ರೆ ಇಲ್ಲದ ಕೆಲಸವನ್ನ ಮಾಡಿದ್ರು ಅಂತ ಎಚ್ಚರಿಕೆ ಕೊಟ್ಟಿದ್ದು ಹೇಗೆ?"

ಅವರು ಕಾಫಿ ಆರುತ್ತದೆ ಎಂದರು.

ಈ ವರ್ಷ ಅವರ ನೇಮಕಾತಿ ಏಪ್ರಿಲ್ ಹದಿನೈದಕ್ಕೆ ಆಗಬೇಕಿತ್ತು. ಆಗಿದ್ದು ಮೇ ಹತ್ತಕ್ಕೆ. 'ಕಡತ ಪರಿಶೀಲನೆಯಲ್ಲಿತ್ತು.' ಆ ಇಪ್ಪತ್ತೈದು ದಿನ ಹಿಮ ಪರಿಶೀಲನೆಗೆ ಕಾಯಲಿಲ್ಲ, ಚಾರಣಿಗರೂ ಕಾಯಲಿಲ್ಲ. ಕಾಲೊಯಾನನ ಜಾಹೀರಾತಿನಲ್ಲಿ ಈ ಸಲವೂ ನಮ್ಮ ಬೆಟ್ಟವಿದೆ. ಆ ಇಪ್ಪತ್ತೈದೂ ಬೆಳಗು ಬೆಟ್ಟದ ಮೇಲೆ ಸಾವಿರದ ನೂರು ಗಿಡ್ಡ ಹೆಜ್ಜೆಗಳಿದ್ದವು ಎಂದು ಅಸೆನ್ ಹೇಳುತ್ತಾರೆ. ಯಾರು ಹಾಕಿದರೆಂದು ಕಡತಕ್ಕೆ ಗೊತ್ತಿಲ್ಲ.

ಇಸ್ಕ್ರಾ ಮೊನ್ನೆ ಮೇ ತಿಂಗಳ ಮೊದಲ ವಾರ ಬಂದಿದ್ದರಂತೆ, ಕೋಲೂರಿಕೊಂಡು ತಂಗುಮನೆಯವರೆಗೆ. ಅಪ್ಪಿಕೊಳ್ಳಲು ಬಂದವರನ್ನು ಲಾಜರಿನಾ ಒಂದು ಕೈಯಲ್ಲಿ ತಡೆದು, ಮೊದಲು ಅವರ ಪಾದ ನೋಡಿದರಂತೆ. "ಈ ಸಲ ಬೂಟು ಪರವಾಗಿಲ್ಲ" ಎಂದು ಆಮೇಲೆ ಅಪ್ಪಿಕೊಂಡರಂತೆ.

ಮತ್ತೆ ಆ ಬೆಟ್ಟದ ದಿನಕ್ಕೆ ಬರುತ್ತೇನೆ. ಹತ್ತೂವರೆಗೆ ತಂಗುಮನೆ ತಲುಪಿದ ಮೇಲೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಲಾಜರಿನಾ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತು, ಸಾರಿಗೆ ಹಾಕುವ ಬಿಳಿ ಹುರುಳಿಕಾಯಿ ಬೀಜ ಆರಿಸತೊಡಗುತ್ತಾರೆ. ಮೇಲೆ ಹೋಗುವ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ: "ಆ ಕಡೆ ಇಳೀತೀರಾ, ಇಲ್ಲಿಗೇ ವಾಪಸ್ಸಾ?" ವಾಪಸ್ಸು ಅಂದವರ ಲೆಕ್ಕಕ್ಕೆ ಒಂದು ಬೀಜ ಡಬ್ಬಿಗೆ ಬೀಳುತ್ತದೆ. ಬಟ್ಟೆಯ ಬೂಟು ಹಾಕಿದ ಒಬ್ಬ ಯುವತಿ, "ಆಂಟಿ, ಮೇಲೆ ಹಿಮ ಇದೆಯಾ?" ಎಂದು ಕೇಳುತ್ತಾಳೆ. "ಇಲ್ಲಮ್ಮ, ಸಕ್ಕರೆ ಚೆಲ್ಲಿದ್ದಾರೆ. ಒಳಗೆ ಬಾ, ಅಸೆನ್ ಹತ್ರ ಬೂಟು ಇಸ್ಕೊಡ್ತೀನಿ." ಮಧ್ಯಾಹ್ನದ ಮೇಲೆ ಇಳಿದು ಬರುವವರು ಶುರುವಾಗುತ್ತಾರೆ. ಬೀಜಗಳು ಡಬ್ಬಿಯಿಂದ ಪಾತ್ರೆಗೆ.

ಸಂಜೆ ಐದೂವರೆ. ನಲವತ್ತಾರು ಬೀಜ ಪಾತ್ರೆ ಸೇರಿವೆ, ಡಬ್ಬಿಯಲ್ಲಿ ಒಂದೇ ಉಳಿದಿದೆ. ಆರು ಗಂಟೆಗೆ ನನ್ನ ಕೊನೆಯ ಬಸ್ಸು. ಹೊರಡುವ ಮುಂಚೆ ಕೇಳಬೇಕಾದ್ದನ್ನು ಕೇಳುತ್ತೇನೆ: "ಚಿಕ್ಕಮ್ಮ, ನಿಮಗೇನು ಬೇಕು? ಎಚ್ಚರಿಕೆ ಪತ್ರ ವಾಪಸ್ಸಾಗಬೇಕಾ? ಸನ್ಮಾನ? ಕಾಯಂ ಕೆಲಸ?"

"ಪತ್ರ ಇಟ್ಕೊಳ್ಳಲಿ, ಅವರ ಕಪಾಟಿನಲ್ಲಿ ಜಾಗ ಇದ್ರೆ. ನನಗೆ ಇನ್ನೊಬ್ಬರು ಬೇಕು. ಹೆಂಗಸಾದ್ರೂ ಸರಿ, ಗಂಡಸಾದ್ರೂ ಸರಿ, ಕಾಲು ಗಿಡ್ಡ ಇರ್ಬೇಕು. ಹೆಜ್ಜೆ ಹಾಕೋಕೆ ಒಬ್ಬರು, ಅಳಿಸೋಕೆ ಒಬ್ಬರು. ನನ್ನ ಮೊಣಕಾಲು ಇನ್ನೆರಡು ವಸಂತ ನಡೆಯುತ್ತೆ. ಅಷ್ಟರಲ್ಲಿ ಯಾರಿಗಾದ್ರೂ ಡಬ್ ಯಾವುದು, ಟಕ್ ಯಾವುದು ಅಂತ ಕಲಿಸ್ಬೇಕು." ಮಾತಾಡುವಾಗ ಕಣ್ಣು ಏರುದಾರಿಯ ಮೇಲೇ ಇದೆ.

"ಬಸ್ಸು ಹೋಗುತ್ತೆ, ನೀನು ಹೊರಡು" ಎನ್ನುತ್ತಾರೆ. ನಾನು ಹೊರಡುವುದಿಲ್ಲ.

ಆರು ಗಂಟೆ ಹತ್ತು ನಿಮಿಷಕ್ಕೆ ತಿರುವಿನಲ್ಲಿ ಒಬ್ಬರು ಕಾಣಿಸಿಕೊಳ್ಳುತ್ತಾರೆ. ಅರವತ್ತರ ಆಸುಪಾಸು, ಕುತ್ತಿಗೆಯಲ್ಲಿ ಭಾರದ ಕ್ಯಾಮೆರಾ, ಮುಖದಲ್ಲಿ ಸಿಡುಕು. ಕಾಡುಮೇಕೆಗಳ ಫೋಟೊ ತೆಗೆಯಲು ಹೋಗಿದ್ದವರು. ಮೇಕೆ ಕಂಡಿಲ್ಲವೆಂದು ನಡಿಗೆಯಲ್ಲೇ ಗೊತ್ತಾಗುತ್ತದೆ. ಬೆಂಚಿನ ಮೇಲಿಂದ ತಮ್ಮನ್ನೇ ದಿಟ್ಟಿಸುತ್ತಿರುವ ಹಳದಿ ಅಂಗಿಯ ಹೆಂಗಸನ್ನು ಕಂಡು ಆತ ನಿಲ್ಲುತ್ತಾರೆ.

"ಏನಮ್ಮ ಹಾಗೆ ನೋಡ್ತಿದ್ದೀರಿ?"

"ನಿಮ್ಮನ್ನೇ ಕಾಯ್ತಿದ್ದೆ."

"ನನ್ನನ್ನಾ? ನಾನು ಯಾರು ಅಂತ ಗೊತ್ತಾ ನಿಮಗೆ?"

ಲಾಜರಿನಾ ಡಬ್ಬಿ ಬೋರಲು ಮಾಡಿ, ಕೊನೆಯ ಬೀಜವನ್ನು ಪಾತ್ರೆಗೆ ಹಾಕಿ, ಮೊಣಕಾಲು ಹಿಡಿದುಕೊಂಡು ಮೇಲೇಳುತ್ತಾರೆ.

"ಗೊತ್ತು. ನಲವತ್ತೇಳನೆಯವರು."